ಹಳೇ ರಾಮ್ ಪಿಕಪ್‌ಗೆ ಎಕ್ಸಾಸ್ಟ್ ಬ್ರೇಕ್ ಹಾಕಿಸಿದ್ದು: ಎರಡು ಬೇಸಿಗೆ, ಒಂದು ಚಳಿಗಾಲ ಓಡಿಸಿದ ಮೇಲೆ

ಗಾಡಿ 2001ರ ಡಾಜ್ ರಾಮ್ 2500, 5.9 ಲೀಟರ್ ಕಮಿನ್ಸ್ ಡೀಸೆಲ್, 24 ವಾಲ್ವ್ (ಇಂಜಿನ್ ಒಳಗೆ ಗಾಳಿ, ಆಚೆ ಹೊಗೆ ಬಿಡೋ ಮುಚ್ಚಳಗಳು), ಐದು ಗೇರಿನ ಮ್ಯಾನ್ಯುಯಲ್. ಹಿಂದೆ ಕಟ್ಟೋದು ಸುಮಾರು 7,000 ಪೌಂಡಿನ ಕ್ಯಾಂಪರ್ ಟ್ರೇಲರ್, ನಮ್ಮ ಲೆಕ್ಕದಲ್ಲಿ ಮೂರು ಟನ್ ಮೇಲೆ. ಎಕ್ಸಾಸ್ಟ್ ಬ್ರೇಕ್ ಅಂದ್ರೆ ಇಂಜಿನ್ ಹೊಗೆ ಹೋಗೋ ದಾರಿಗೆ ಅಡ್ಡ ಹಾಕಿ ಇಳಿಜಾರಲ್ಲಿ ಗಾಡಿ ನಿಧಾನ ಮಾಡೋ ಸಾಧನ. ನಾನು ಹಾಕಿಸಿದ್ದು ಪ್ಯಾಕ್‌ಬ್ರೇಕ್ ಕಂಪನಿಯ ಪಿಆರ್‌ಎಕ್ಸ್‌ಬಿ ಅನ್ನೋ ಮಾಡೆಲ್, ಟರ್ಬೋ (ಹೊಗೆ ರಭಸದಿಂದ ತಿರುಗಿ ಇಂಜಿನ್‌ಗೆ ಗಾಳಿ ತುಂಬೋ ಭಾಗ) ಬಾಯಿಗೇ ನೇರ ಕೂರೋ ಥರದ್ದು. ಕೊಲರಾಡೋದಲ್ಲಿ ಇರೋ ಕನ್ನಡದವರು ಕೆಲವರು ಟ್ರೇಲರ್ ತಗೊಂಡಿದಾರೆ, ಇಬ್ಬರು ಮೂವರು ಇದರ ಬಗ್ಗೆ ಕೇಳಿದ್ರು, ಒಬ್ಬೊಬ್ಬರಿಗೂ ಫೋನಲ್ಲಿ ಹೇಳೋ ಬದಲು ಒಂದೇ ಸಲ ಬರೀತಿದೀನಿ.

ಮೊದಲು ಯಾಕೆ ಹಾಕಿಸಿದೆ ಅಂತ ಹೇಳ್ತೀನಿ. ಐ-70 ಹೆದ್ದಾರಿಯಲ್ಲಿ ಡೆನ್ವರ್ ಕಡೆಯಿಂದ ಪಶ್ಚಿಮಕ್ಕೆ ಹೋದ್ರೆ ಐಸೆನ್‌ಹೋವರ್ ಸುರಂಗ ಬರುತ್ತೆ, 11,158 ಅಡಿ ಎತ್ತರ, ಇಡೀ ಅಮೆರಿಕದ ಇಂಟರ್‌ಸ್ಟೇಟ್ ರಸ್ತೆಗಳಲ್ಲೇ ಅತಿ ಎತ್ತರದ ಜಾಗ. ಸುರಂಗದಿಂದ ಆಚೆ ಬಂದ ತಕ್ಷಣ ಸಿಲ್ವರ್‌ಥಾರ್ನ್ ಊರಿನ ವರೆಗೂ ಎಂಟು ಮೈಲಿ ಬರೀ ಇಳಿಜಾರು, ಎರಡು ಸಾವಿರ ಅಡಿಗೂ ಜಾಸ್ತಿ ಇಳೀಬೇಕು, ನಡುವೆ ಬ್ರೇಕ್ ಹೋದ ಲಾರಿಗಳು ನುಗ್ಗಲಿ ಅಂತ ಜಲ್ಲಿ ತುಂಬಿದ ಏರುದಾರಿ ಎರಡು ಕಡೆ ಮಾಡಿಟ್ಟಿದಾರೆ. ಟ್ರೇಲರ್ ತಗೊಂಡ ಮೊದಲನೇ ಬೇಸಿಗೆ, ಹೆಂಡತಿ ಪಕ್ಕದಲ್ಲಿ, ಮಕ್ಕಳಿಬ್ಬರು ಹಿಂದಿನ ಸೀಟಲ್ಲಿ, ನಾನು ಮೂರನೇ ಗೇರಲ್ಲೇ ಇಳೀತಿದೀನಿ, ಆದ್ರೂ ಗಾಡಿ ನಿಲ್ತಿಲ್ಲ, ಹಿಂದಿಂದ ಯಾರೋ ತಳ್ತಿರೋ ಹಾಗೆ, ಬ್ರೇಕ್ ಒತ್ತೋದು ಬಿಡೋದು ಒತ್ತೋದು ಬಿಡೋದು, ಅರ್ಧ ದಾರಿ ಇಳಿಯೋಷ್ಟರಲ್ಲಿ ಸುಟ್ಟ ವಾಸನೆ ಬಂತು, ಆಮೇಲೆ ಪೆಡಲ್ ಮೊದಲಿಗಿಂತ ಆಳಕ್ಕೆ ಹೋಗೋಕೆ ಶುರು ಆಯ್ತು. ಹೆಂಡತಿ "ಏನ್ರೀ ಇದು ವಾಸನೆ" ಅಂದ್ಳು, ನಾನು ಉತ್ತರ ಕೊಡ್ಲಿಲ್ಲ. ಸಿಲ್ವರ್‌ಥಾರ್ನ್‌ನಲ್ಲಿ ಪೆಟ್ರೋಲ್ ಬಂಕಿಗೆ ನುಗ್ಗಿಸಿ ನಿಲ್ಲಿಸ್ದಾಗ ಮುಂದಿನ ಚಕ್ರದಿಂದ ಹೊಗೆ ಏಳ್ತಿತ್ತು. ಮುಕ್ಕಾಲು ಗಂಟೆ ಅಲ್ಲೇ ಕೂತ್ವಿ. ಅವತ್ತೇ ತೀರ್ಮಾನ ಮಾಡ್ದೆ.

ನಾನು ಸಕಲೇಶಪುರದವನು. ಚಿಕ್ಕಪ್ಪ ಲೇಲ್ಯಾಂಡ್ ಲಾರಿಯಲ್ಲಿ ಕಾಫಿ ಮೂಟೆ ಹಾಕ್ಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗ್ತಿದ್ರು, ಶಾಲೆ ರಜಾ ಇದ್ದಾಗ ನಾನೂ ಕ್ಯಾಬಿನ್ ಒಳಗೆ ಕೂತು ಹೋಗಿದೀನಿ. ಅವರು ಇಳಿಜಾರಲ್ಲಿ ಬ್ರೇಕ್ ಪೆಡಲ್ ಮೇಲೆ ಕಾಲೇ ಇಡ್ತಿರ್ಲಿಲ್ಲ. "ಹತ್ತೋ ಗೇರಲ್ಲೇ ಇಳೀಬೇಕು ಮಗಾ, ಬ್ರೇಕು ನಿಲ್ಸಕ್ಕೆ, ಇಳ್ಸಕ್ಕಲ್ಲ" ಅಂತಿದ್ರು. ಒಂದು ಗುಂಡಿ ಒತ್ತಿದ್ರೆ ಇಂಜಿನ್ ಗಂಟಲು ಹಿಡಿದ ಹಾಗೆ ಸದ್ದು ಬಂದು ಲಾರಿ ತಾನಾಗೇ ನಿಧಾನ ಆಗೋದು, ಅದೇ ಎಕ್ಸಾಸ್ಟ್ ಬ್ರೇಕ್. ನಮ್ಮ ಬಸ್ಸು ಲಾರಿ ಡ್ರೈವರ್‌ಗಳಿಗೆಲ್ಲ ಗೊತ್ತಿರೋ ವಸ್ತು, ಆದ್ರೆ ಅದನ್ನ ಪಿಕಪ್‌ಗೂ ಹಾಕಬಹುದು ಅಂತ ನನಗೆ ಇಲ್ಲಿಗೆ ಬಂದ ಮೇಲೇ ತಿಳಿದಿದ್ದು.

ಹೆಂಗೆ ಕೆಲಸ ಮಾಡುತ್ತೆ ಅಂದ್ರೆ, ಪೆಟ್ರೋಲ್ ಇಂಜಿನ್‌ನಲ್ಲಿ ಆಕ್ಸಿಲರೇಟರ್ ಬಿಟ್ರೆ ಗಾಳಿ ಒಳಗೆ ಬರೋ ಬಾಗಿಲು ಮುಚ್ಚಿಕೊಳ್ಳುತ್ತೆ, ಇಂಜಿನ್ ಮುಚ್ಚಿದ ಬಾಗಿಲ ಆಚೆಯಿಂದ ಗಾಳಿ ಎಳೆಯೋಕೆ ಒದ್ದಾಡಿ ಗಾಡಿ ಹಿಡಿಯುತ್ತೆ. ಇಂಥ ಡೀಸೆಲ್‌ನಲ್ಲಿ ಆ ಬಾಗಿಲೇ ಇಲ್ಲ, ಕಾಲು ತೆಗೆದ್ರೆ ಡೀಸೆಲ್ ಮಾತ್ರ ನಿಲ್ಲುತ್ತೆ, ಗಾಳಿ ಆರಾಮಾಗಿ ಬಂದು ಹೋಗ್ತಿರುತ್ತೆ, ಹಾಗಾಗಿ ಗೇರಲ್ಲಿದ್ರೂ ಹಿಡಿತ ಕಮ್ಮಿ. ಎಕ್ಸಾಸ್ಟ್ ಬ್ರೇಕ್ ಅನ್ನೋದು ಹೊಗೆ ಆಚೆ ಹೋಗೋ ದಾರಿಗೆ ಒಂದು ಬಾಗಿಲು. ಟರ್ಬೋ ಆದ ಮೇಲೆ ಪೈಪಿನಲ್ಲಿ ಒಂದು ದುಂಡನೆ ತಗಡು, ಅದು ತಿರುಗಿ ಅಡ್ಡ ನಿಂತ್ರೆ ಹಿಂದೆ ಒತ್ತಡ ಕಟ್ಟಿಕೊಳ್ಳುತ್ತೆ, ಪಿಸ್ಟನ್ ಹೊಗೆ ಆಚೆ ಹಾಕೋಕೆ ಪ್ರತಿ ಸಲ ಮೇಲೆ ಬರುವಾಗ ಆ ಒತ್ತಡದ ಎದುರು ತಳ್ಳಬೇಕು. ನನ್ನ ಇಂಜಿನ್‌ಗೆ ಆ ಒತ್ತಡ 60 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಅನ್ನೋ ಅಳತೆ) ವರೆಗೂ ಹೋಗುತ್ತೆ. ಡೀಸೆಲ್ ಖರ್ಚಿಲ್ಲ, ಪ್ಯಾಡ್ ಸವೆತ ಇಲ್ಲ.

ಇದನ್ನ ಜೇಕ್ ಬ್ರೇಕ್ ಜೊತೆ ಸೇರಿಸ್ಬೇಡಿ. ದೊಡ್ಡ ಲಾರಿಗಳು ಇಳಿಯುವಾಗ ಪಟಪಟಪಟ ಅಂತ ಊರೇ ಎದ್ದು ಕೂರೋ ಹಾಗೆ ಸದ್ದು ಮಾಡುತ್ತಲ್ಲ, ಅದು ಜೇಕ್. ಅದರಲ್ಲಿ ಗಾಳಿ ಒತ್ತಿದ ಕೊನೆ ಘಳಿಗೆಗೆ ವಾಲ್ವ್ ತೆಗೆದು ಆ ಶಕ್ತಿನ ಆಚೆ ಬಿಡ್ತಾರೆ. ಅದನ್ನ ಯೋಚಿಸಿದವರು ಕ್ಲೆಸ್ಸಿ ಕಮಿನ್ಸ್, ನನ್ನ ಗಾಡಿ ಇಂಜಿನ್ ಮೇಲೆ ಇರೋ ಹೆಸರೇ ಅವರದು. 1931ರಲ್ಲಿ ಕ್ಯಾಲಿಫೋರ್ನಿಯಾದ ಕಹೋನ್ ಪಾಸ್ ಇಳಿಯುವಾಗ ಅವರಿದ್ದ ಲಾರಿ ಬ್ರೇಕ್ ಸಾಲದೆ ಓಡಿ, ಕೆಳಗೆ ಹಾದು ಹೋಗ್ತಿದ್ದ ರೈಲಿಗೆ ಸ್ವಲ್ಪದರಲ್ಲಿ ತಪ್ಪಿಸಿಕೊಂಡ್ತಂತೆ. ಆ ಯೋಚನೆ ಜೇಕಬ್ಸ್ ಕಂಪನಿ ಕೈಯಲ್ಲಿ ಮಾರುಕಟ್ಟೆಗೆ ಬಂದಿದ್ದು 1961ಕ್ಕೆ. ಮುಂದಿನ ಚಕ್ರದ ಹೊಗೆ ನೋಡಿದವನು ನಾನು, ಅವರಿಗೆ ಎದೆ ಹೆಂಗೆ ಹೊಡ್ಕೊಂಡಿರುತ್ತೆ ಅಂತ ನನಗೆ ಅರ್ಥ ಆಗುತ್ತೆ.

ಕೊಳ್ಳೋ ಮುಂಚೆ ನಿಮ್ಮ ಗಾಡಿ ಯಾವುದು ಅಂತ ಸರಿಯಾಗಿ ನೋಡ್ಕೊಳ್ಳಿ, ಇಲ್ಲೇ ಜನ ದುಡ್ಡು ಕಳ್ಕೊಳ್ಳೋದು. 24 ವಾಲ್ವ್ ಇದ್ರೆ ಇರೋ ವಾಲ್ವ್ ಸ್ಪ್ರಿಂಗೇ ಸಾಕು. 1998ಕ್ಕೆ ಮುಂಚಿನ 12 ವಾಲ್ವ್ ಆದ್ರೆ ಎಕ್ಸಾಸ್ಟ್ ಕಡೆ ಗಟ್ಟಿ ಸ್ಪ್ರಿಂಗ್ ಹಾಕಿಸ್ಲೇಬೇಕು, ಇಲ್ಲಾಂದ್ರೆ ಅಷ್ಟು ಒತ್ತಡಕ್ಕೆ ವಾಲ್ವ್ ತಾನಾಗೇ ತೆಗೆದುಕೊಳ್ಳುತ್ತೆ. ಆಟೋಮ್ಯಾಟಿಕ್ ಗೇರ್ ಆದ್ರೆ ಇನ್ನೂ ಒಂದು ತಲೆನೋವು, ಕಾಲು ತೆಗೆದ ತಕ್ಷಣ ಟಾರ್ಕ್ ಕನ್ವರ್ಟರ್ (ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕ್ಲಚ್ ಬದಲು ಇರೋ ಭಾಗ) ಬಿಟ್ಟುಕೊಂಡ್ರೆ ಚಕ್ರಕ್ಕೂ ಇಂಜಿನ್‌ಗೂ ಬಿಗಿ ಸಂಬಂಧ ಇರಲ್ಲ, ಬ್ರೇಕ್ ಇದ್ದೂ ಇಲ್ಲದ ಹಾಗೆ, ಆದ್ದರಿಂದ ಅದನ್ನ ಲಾಕ್ ಮಾಡಿಡೋ ಕಂಟ್ರೋಲರ್ ಬೇರೆ ಬೇಕು. 2007ರ ಮಧ್ಯದಿಂದ ಬಂದ 6.7 ಲೀಟರ್ ಕಮಿನ್ಸ್ ಇರೋವ್ರು ಇದನ್ನ ಓದೋದೇ ಬೇಡ, ನಿಮ್ಮದರಲ್ಲಿ ಟರ್ಬೋನೇ ಈ ಕೆಲಸ ಮಾಡುತ್ತೆ, ಗುಂಡಿ ಹುಡುಕಿ ಒತ್ತಿ ಸಾಕು.

ಪಿಆರ್‌ಎಕ್ಸ್‌ಬಿ ತಗೊಂಡಿದ್ದಕ್ಕೆ ಕಾರಣ ಒಂದೇ. ಮಾಮೂಲಿ ಎಕ್ಸಾಸ್ಟ್ ಬ್ರೇಕ್‌ನಲ್ಲಿ ಆ ತಗಡಿಗೆ ಒಂದೇ ಅಳತೆ ತೂತು ಇರುತ್ತೆ, ಇಂಜಿನ್ ಜೋರಾಗಿ ತಿರುಗಿದಾಗ ಮಾತ್ರ ಪೂರ್ತಿ ಒತ್ತಡ ಕಟ್ಟುತ್ತೆ, ಆರ್‌ಪಿಎಂ ಇಳಿದ್ರೆ ಹಿಡಿತನೂ ಇಳಿಯುತ್ತೆ. ಇದರಲ್ಲಿ ಒತ್ತಡ ನೋಡ್ಕೊಂಡು ತೆರೆಯೋ ಪುಟ್ಟ ಬೈಪಾಸ್ ಇದೆ, ಹಾಗಾಗಿ ಕಡಿಮೆ ಆರ್‌ಪಿಎಂನಲ್ಲೂ ಚೆನ್ನಾಗಿ ಹಿಡಿಯುತ್ತೆ. ತಗಡು ತಿರುಗಿಸೋಕೆ ಗಾಳಿ ಸಿಲಿಂಡರ್, ಅದಕ್ಕೆ ಗಾಳಿ ತುಂಬೋಕೆ 12 ವೋಲ್ಟ್‌ನ ಸಣ್ಣ ಕಂಪ್ರೆಸರ್. ಕಿಟ್ ಒಂದಕ್ಕೇ ಸಾವಿರ ಡಾಲರ್ ದಾಟುತ್ತೆ, ಕೂಲಿ ಬೇರೆ. ಕಮ್ಮಿ ಅಲ್ಲ, ಗೊತ್ತು.

ಇನ್ನು ಹಾಕಿಸಿದ ಕಥೆ. ನನಗೆ ಧೈರ್ಯ ಸಾಲದೆ ಒಂದು ಡೀಸೆಲ್ ಗ್ಯಾರೇಜಿಗೆ ಕೊಟ್ಟೆ, ಹೆಸರು ಬೇಡ. ಒಂದು ದಿನದ ಕೆಲಸ ಅಂದವರು ಮೂರು ದಿನ ಇಟ್ಕೊಂಡ್ರು. ಇಪ್ಪತ್ತು ವರ್ಷ ದಾಟಿದ ಗಾಡಿ, ಟರ್ಬೋದಿಂದ ಹೊಗೆ ಕೆಳಗೆ ಒಯ್ಯೋ ಡೌನ್‌ಪೈಪಿನ ಬೋಲ್ಟ್ ತುಕ್ಕು ಹಿಡಿದು ಕೂತಿತ್ತು, ಅದಕ್ಕೆ ಹೊತ್ತು ಹಿಡಿದಿದ್ದು ನಾನು ಒಪ್ತೀನಿ. ಆದ್ರೆ ತಗೊಂಡು ಬಂದ ಒಂದು ವಾರಕ್ಕೆ ಬ್ರೇಕ್ ಆನ್ ಮಾಡ್ದಾಗ ಉಸ್ಸ್ ಅಂತ ಸಣ್ಣ ಸದ್ದು, ಹಿಡಿತನೂ ಕಮ್ಮಿ ಅನ್ನಿಸ್ತು. ವಾಪಸ್ ಒಯ್ದೆ, ಐದು ನಿಮಿಷ ನೋಡಿ "ಇದು ಹಿಂಗೇ ಇರುತ್ತೆ" ಅಂದು ಕಳಿಸಿದ್ರು. ಮನಸ್ಸು ಒಪ್ಪಲಿಲ್ಲ.

ಶನಿವಾರ ಗಾಡಿ ಪೂರ್ತಿ ತಣ್ಣಗಾದ ಮೇಲೆ ಬಾನೆಟ್ ಎತ್ತಿ, ಬಲಗಡೆ ಟರ್ಬೋ ಹಿಂದೆ ಟಾರ್ಚ್ ಬಿಟ್ಟು ನೋಡ್ದೆ. ಟರ್ಬೋಗೂ ಬ್ರೇಕ್‌ಗೂ ನಡುವೆ ಒಂದು ವಿ-ಬ್ಯಾಂಡ್ ಕ್ಲ್ಯಾಂಪ್ ಇರುತ್ತೆ, ಬಳೆ ಥರ ಸುತ್ತ ಕೂತು ಎರಡು ಅಂಚನ್ನೂ ಸೇರಿಸಿ ಹಿಡಿಯೋದು. ಮೇಲ್ಗಡೆ ಎಲ್ಲಾ ಚೊಕ್ಕ. ಕೆಳಗಡೆ ಬೆರಳು ಹಾಕಿ ಸವರಿದ್ರೆ ಬೆರಳ ತುದಿಗೆ ಕಾಡಿಗೆ ಹಚ್ಚಿದ ಹಾಗೆ ಮಸಿ. ಪುಟ್ಟ ಕನ್ನಡಿ ಹಿಡಿದು ನೋಡಿದ್ರೆ ಒಂದಂಗುಲ ಉದ್ದ ಕಪ್ಪು ಗೆರೆ, ಅಲ್ಲಿ ಕ್ಲ್ಯಾಂಪ್ ಅಂಚಿನ ಮೇಲೆ ಸರಿಯಾಗಿ ಕೂತೇ ಇಲ್ಲ, ಓರೆಯಾಗಿ ಒಂದು ಪಕ್ಕ ಹತ್ತಿಕೊಂಡಿದೆ. ಬರೀ ಬಿಗಿ ಮಾಡಿದ್ರೆ ಇನ್ನೂ ಓರೆ ಆಗೋದು. ಪಕ್ಕದ ಮನೆಯವರು ಮೊದಲು ಲಾರಿ ಓಡಿಸ್ತಿದ್ದವರು, ಅವರನ್ನ ಕರೆದೆ, ಇಬ್ಬರೂ ಸೇರಿ ಕೆಳಗೆ ಜ್ಯಾಕ್ ಕೊಟ್ಟು ಪೈಪಿನ ಭಾರ ಎತ್ತಿ ಹಿಡಿದು, ಕ್ಲ್ಯಾಂಪ್ ಪೂರ್ತಿ ಸಡಿಲ ಮಾಡಿ, ಎರಡು ಅಂಚು ಸಮ ಕೂರಿಸಿ, ಸ್ವಲ್ಪ ಬಿಗಿ ಮಾಡೋದು ಸುತ್ತ ಮೆಲ್ಲಗೆ ತಟ್ಟೋದು ಮತ್ತೆ ಬಿಗಿ ಮಾಡೋದು, ಹೀಗೆ ಒಂದು ಗಂಟೆ. ಪೈಪಿನ ಭಾರ ಕ್ಲ್ಯಾಂಪ್ ಮೇಲೆ ಬಿದ್ದಿದ್ದೇ ಮೂಲ ಕಾರಣ. ಇಂಜಿನ್ ಒಂದೆರಡು ಸಲ ಕಾದು ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿ ನೋಡಿದ್ವಿ. ಆವಾಗಿಂದ ಒಂದು ಚೂರು ಮಸಿ ಇಲ್ಲ, ಉಸ್ಸ್ ಸದ್ದೂ ಇಲ್ಲ. ಗಾಳಿ ಟ್ಯೂಬ್ ಕೂಡ ಬಿಸಿ ಪೈಪಿಗೆ ತೀರಾ ಹತ್ರ ಬಿಟ್ಟಿದ್ರು, ಅದನ್ನ ದೂರ ಸರಿಸಿ ಶಾಖ ತಡೆಯೋ ಕವಚ ಹಾಕಿದ್ವಿ. ನೀವು ಗ್ಯಾರೇಜಲ್ಲಿ ಹಾಕಿಸಿದ್ರೆ ಈ ಎರಡನ್ನೂ ಅಲ್ಲೇ ನಿಂತು ತೋರಿಸಿ ಅನ್ನಿ, ಸಂಕೋಚ ಬೇಡ.

ಈಗ ಓಡಿಸೋ ವಿಷಯ. ಗೇರ್ ರಾಡ್ ಮೇಲೆ ಒಂದು ಸ್ವಿಚ್ ಇದೆ. ಆನ್ ಮಾಡಿಟ್ರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ತಾನಾಗೇ ಹಿಡಿಯುತ್ತೆ, ಮುಟ್ಟಿದ್ರೆ ಬಿಡುತ್ತೆ, ಕ್ಲಚ್ ಒತ್ತಿದ್ರೂ ಬಿಡುತ್ತೆ, ಇಲ್ಲಾಂದ್ರೆ ಇಂಜಿನ್ ಆಫ್ ಆಗಿಬಿಡಬಹುದು. ಅದೇ ಸುರಂಗ, ಅದೇ ಟ್ರೇಲರ್, ಅದೇ ಇಳಿಜಾರು. ಸುರಂಗದ ಒಳಗೇ ವೇಗ ಇಳಿಸಿ ಮೂರನೇ ಗೇರ್ ಹಾಕಿ ಹೊರಗೆ ಬಂದೆ, 40 ಮೈಲಿ ವೇಗ, ಸುಮಾರು 2,500 ಆರ್‌ಪಿಎಂ, ಕಾಲು ತೆಗೆದೆ. ದೂರದಲ್ಲಿ ವಿಮಾನ ಹೊರಟ ಹಾಗೆ ಸುಯ್ ಅಂತ ಸದ್ದು, ಯಾರೋ ಹಿಂದಿಂದ ಹಗ್ಗ ಹಿಡಿದ ಹಾಗೆ ಗಾಡಿ ನಿಂತ್ಕೊಂಡ್ತು. ಎಂಟು ಮೈಲಿಯಲ್ಲಿ ಬ್ರೇಕ್ ಒತ್ತಿದ್ದು ನಾಲ್ಕೇ ಸಲ, ಅದೂ ಮುಂದಿನವರು ನಿಧಾನ ಮಾಡಿದ್ದಕ್ಕೆ. ಸಿಲ್ವರ್‌ಥಾರ್ನ್‌ನಲ್ಲಿ ಅದೇ ಬಂಕಿನಲ್ಲಿ ಇಳಿದು ಮುಂದಿನ ಚಕ್ರದ ಹತ್ರ ಅಂಗೈ ಹಿಡಿದೆ, ಬೆಚ್ಚಗಿತ್ತು ಅಷ್ಟೆ. ಚಿಕ್ಕಪ್ಪನಿಗೆ ವಾಟ್ಸಾಪಲ್ಲಿ ಆ ಸದ್ದು ಕಳಿಸಿದ್ದೆ, "ಈಗ ಸರಿ ಹೋಯ್ತು ಬಿಡು" ಅಂತ ಒಂದೇ ಮಾತು ಬಂತು.

ಕೆಲವು ಎಚ್ಚರಿಕೆ ಹೇಳ್ಲೇಬೇಕು. ಇದು ಹಿಡಿಯೋದು ಪಿಕಪ್ ಹಿಂದಿನ ಚಕ್ರನ ಮಾತ್ರ, ಟ್ರೇಲರ್ ಚಕ್ರನ ಅಲ್ಲ. ಅಂದ್ರೆ ಟ್ರೇಲರ್ ಹಿಂದಿಂದ ತಳ್ತಾನೇ ಇರುತ್ತೆ, ಆದ್ದರಿಂದ ಟ್ರೇಲರ್‌ನ ಎಲೆಕ್ಟ್ರಿಕ್ ಬ್ರೇಕ್ ಸರಿಯಾಗಿ ಸೆಟ್ ಆಗಿರ್ಬೇಕು, ಎಕ್ಸಾಸ್ಟ್ ಬ್ರೇಕ್ ಇದೆ ಅಂತ ಅದನ್ನ ಮರೀಬೇಡಿ. ಮಂಜು ಬಿದ್ದ ರಸ್ತೆಯಲ್ಲಿ, ಐಸ್ ಮೇಲೆ ಸ್ವಿಚ್ ಆಫ್, ಇದರಲ್ಲಿ ಎರಡು ಮಾತಿಲ್ಲ. ಖಾಲಿ ಪಿಕಪ್ ಹಿಂದೆ ಹಗುರ, ಹಿಂದಿನ ಚಕ್ರ ಜಾರಿದ್ರೆ ಗಾಡಿ ಅಡ್ಡಡ್ಡ ತಿರುಗುತ್ತೆ. ಜೊತೆಗೆ ನನ್ನ ಗಾಡಿಯಲ್ಲಿ ಇದು ಹಿಡಿದಾಗ ಬ್ರೇಕ್ ಲೈಟ್ ಹತ್ತಲ್ಲ, ಹಿಂದೆ ಯಾರಾದ್ರೂ ಹತ್ರ ಇದ್ರೆ ನಾನು ಪೆಡಲ್ ಮೇಲೆ ಸುಮ್ನೆ ಕಾಲು ಇಟ್ಟು ಲೈಟ್ ತೋರಿಸ್ತೀನಿ.

ಇನ್ನೊಂದು ಮಾತು, ನಮ್ಮ ಕಡೆ ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡಿ ಇಳಿಯೋ ಅಭ್ಯಾಸ ಕೆಲವರಿಗೆ ಇದೆ, ಅದು ಯಾವ ಘಾಟಿಯಲ್ಲೂ ಯಾವ ಗಾಡಿಯಲ್ಲೂ ಬೇಡ. ಗೇರಲ್ಲಿ ಇಲ್ಲದ ಗಾಡಿಗೆ ಎಕ್ಸಾಸ್ಟ್ ಬ್ರೇಕ್ ಏನೂ ಮಾಡಲ್ಲ.

ಚಳಿಗಾಲದಲ್ಲಿ ಸಿಕ್ಕಿದ ಲಾಭ ನಾನು ಯೋಚಿಸಿರ್ಲಿಲ್ಲ. ಬೆಳಗ್ಗೆ ಮೈನಸ್ 15 ಡಿಗ್ರಿ ಇದ್ದಾಗ ಈ ಡೀಸೆಲ್ ಸ್ಟಾರ್ಟ್ ಆದ್ರೂ ಬಿಸಿ ಆಗೋಕೆ ಯುಗ ಹಿಡಿಯುತ್ತೆ. ನ್ಯೂಟ್ರಲ್‌ನಲ್ಲಿ ನಿಂತಲ್ಲೇ ಎಕ್ಸಾಸ್ಟ್ ಬ್ರೇಕ್ ಮುಚ್ಚಿದ್ರೆ ಇಂಜಿನ್‌ಗೆ ಭಾರ ಬೀಳುತ್ತೆ, ಬೇಗ ಕಾಯುತ್ತೆ, ಮಕ್ಕಳನ್ನ ಶಾಲೆಗೆ ಬಿಡೋಷ್ಟರಲ್ಲಿ ಒಳಗೆ ಬಿಸಿ ಗಾಳಿ ಬರುತ್ತೆ.

ನಿರ್ವಹಣೆ ಅಂದ್ರೆ ಮುಖ್ಯವಾಗಿ ಒಂದು, ಬಳಸ್ತಾ ಇರ್ಬೇಕು. ತಗಡು ಕೂತಿರೋ ಶಾಫ್ಟ್‌ಗೆ ಮಸಿ ಹಿಡಿದು ಬಿಗಿಯಾಗುತ್ತೆ, ತಿಂಗಳುಗಟ್ಟಲೆ ಮುಟ್ಟದೆ ಬಿಟ್ರೆ ತೆರೆದೇ ಉಳಿಯುತ್ತೆ ಅಥವಾ ಮುಚ್ಚಿಯೇ ಉಳಿಯುತ್ತೆ. ನಾನು ಟ್ರೇಲರ್ ಇಲ್ಲದ ದಿನವೂ ಒಣ ರಸ್ತೆಯಲ್ಲಿ ಸಿಗ್ನಲ್ ಹತ್ರ ಬರುವಾಗ ಆನ್ ಇಟ್ಟಿರ್ತೀನಿ, ಇಂಜಿನ್ ಆಯಿಲ್ ಬದಲಿಸುವಾಗ ಶಾಫ್ಟ್‌ಗೆ ಶಾಖ ತಡೆಯೋ ಸಿಂಥೆಟಿಕ್ ಎಣ್ಣೆ ಬಿಟ್ಟು ಕೈಯಲ್ಲಿ ತಿರುಗಿಸಿ ನೋಡ್ತೀನಿ, ಕಂಪ್ರೆಸರ್ ಟ್ಯೂಬ್‌ಗಳಿಗೆ ಸೋಪಿನ ನೀರು ಹಾಕಿ ಗುಳ್ಳೆ ಬರುತ್ತಾ ಅಂತ ನೋಡ್ತೀನಿ. ಹತ್ತು ನಿಮಿಷದ ಕೆಲಸ. ಬಯಲಲ್ಲೇ ಓಡಿಸೋವ್ರು, ಭಾರ ಕಟ್ಟದವರು ಈ ದುಡ್ಡು ಹಾಕೋದು ಬೇಡ. ಬೆಟ್ಟದಲ್ಲಿ ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಟ್ರೇಲರ್ ಎಳೆಯೋವ್ರು ಹೊಸ ಟೈರ್, ಹೊಸ ಸ್ಟೀರಿಯೋಗಿಂತ ಮುಂಚೆ ಇದನ್ನ ಹಾಕಿಸಿ. ಕ್ಲ್ಯಾಂಪ್ ಕೂರಿಸೋವಾಗ ಕೈ ಬೇಕು ಅಂದ್ರೆ ನಾನು ಬರ್ತೀನಿ, ಕನ್ನಡಿ ಟಾರ್ಚ್ ಎರಡೂ ನನ್ನ ಹತ್ರ ಇದೆ.