ಕಾಲು ನಿಲ್ಲದವರಿಗೆ ಯಾವ ಧ್ಯಾನ?

ಮನಸ್ಸು ನಿಲ್ಲುವುದಿಲ್ಲ ಎಂದು ದೂರುವವರಿಗೆ ಧ್ಯಾನ ಕಲಿಸುವವರ ಹತ್ತಿರ ಗಂಟೆಗಟ್ಟಲೆ ಉತ್ತರ ಇರುತ್ತದೆ. ಮೈಯೇ ನಿಲ್ಲುವುದಿಲ್ಲ ಎಂದರೆ ಸಿಗುವುದು ಒಂದೇ ಮಾತು: ‘ಕೂತ್ಕೊಳ್ಳಿ, ಅಭ್ಯಾಸ ಆಗುತ್ತೆ.’ ನನಗೆ ಆಗಲಿಲ್ಲ. ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೇ ಮಂಡಿ ಕುಣಿಯುತ್ತದೆ, ಹೆಗಲು ಬಿಗಿಯುತ್ತದೆ, ಎಲ್ಲೋ ಒಂದು ಕಡೆ ಕೆರೆತ ಶುರುವಾಗುತ್ತದೆ, ಎದ್ದು ಹೋಗಿಬಿಡಬೇಕು ಅನ್ನಿಸುತ್ತದೆ. ಹಾಗಾಗಿ ಬೇರೆ ಬೇರೆ ವಿಧಾನಗಳನ್ನು ಒಂದೊಂದಾಗಿ, ಸಾಕಷ್ಟು ಕಾಲ ಹಿಡಿದು ಮಾಡಿ ನೋಡಿದೆ. ಅಳೆದದ್ದು ಎರಡೇ ವಿಷಯ: ಚಡಪಡಿಕೆ ಎಷ್ಟು ಬೇಗ ಇಳಿಯುತ್ತದೆ, ಇಳಿದ ಮೇಲೆ ಮನಸ್ಸು ಎಚ್ಚರವಾಗಿರುತ್ತದೋ ಇಲ್ಲವೋ. ಎರಡನೆಯದೂ ಮುಖ್ಯ. ಬರೀ ಮೈ ತಣ್ಣಗಾದರೆ ಸಾಕೆಂದಿದ್ದರೆ ಹೊದ್ದು ಮಲಗಬಹುದಿತ್ತಲ್ಲ.

ಇದು ಈಗಿನ ಕಾಲದ ಕಾಯಿಲೆಯೂ ಅಲ್ಲ. ಪತಂಜಲಿಯ ಯೋಗಸೂತ್ರದ ಮೊದಲ ಪಾದದ (ಅಧ್ಯಾಯದ) 31ನೇ ಸೂತ್ರದಲ್ಲಿ, ಚಿತ್ತ ಚದುರಿದಾಗ ಅದರ ಜೊತೆಗೇ ಬರುವವುಗಳ ಪಟ್ಟಿ ಇದೆ: ದುಃಖ, ದೌರ್ಮನಸ್ಯ (ಮನಸ್ಸಿನ ಬೇಸರ), ಅಂಗಮೇಜಯತ್ವ, ಶ್ವಾಸ-ಪ್ರಶ್ವಾಸ (ಉಸಿರಿನ ಏರುಪೇರು). ಈ ಅಂಗಮೇಜಯತ್ವವೇ ನಮ್ಮ ಕೈಕಾಲಿನ ಅದುರಾಟ. ಬೌದ್ಧರು ಧ್ಯಾನಕ್ಕೆ ಅಡ್ಡಿ ಎಂದು ಎಣಿಸುವ ಐದು ನೀವರಣಗಳಲ್ಲೂ ಚಡಪಡಿಕೆಗೆ ಜಾಗವಿದೆ. ಅಂದರೆ ಗುಹೆಯಲ್ಲಿ ಕೂತವರಿಗೂ ಕಾಲು ಕುಣಿದಿದೆ. ಓದಿದಾಗ ಅರ್ಧ ಸಮಾಧಾನ ಆಯಿತು.

ಅಲುಗಾಡದೆ ಕೂರುವುದೋ, ನಡೆಯುವುದೋ

ಎರಡು ತುದಿಗಳನ್ನೇ ಮೊದಲು ಎದುರುಬದುರು ಇಡುತ್ತೇನೆ. ಒಂದು ತುದಿಯಲ್ಲಿ ಅಧಿಷ್ಠಾನ. ಎಸ್. ಎನ್. ಗೋಯೆಂಕಾ ಪರಂಪರೆಯ ಹತ್ತು ದಿನಗಳ ಶಿಬಿರದಲ್ಲಿ, ನಾಲ್ಕನೇ ದಿನ ವಿಪಶ್ಯನಾ (ಮೈಯ ಸಂವೇದನೆಗಳನ್ನು ಗಮನಿಸುವ ಧ್ಯಾನ) ಕಲಿಸಿದ ಮೇಲೆ, ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಕಣ್ಣು ತೆರೆಯದೆ, ಕೈ ಬಿಡಿಸದೆ, ಕಾಲು ಬಿಡಿಸದೆ ಕೂರಲು ಹೇಳುತ್ತಾರೆ. ಆ ನಿಯಮವನ್ನೇ ಕಡಿಮೆ ಅವಧಿಗೆ ಇಳಿಸಿಕೊಂಡು ನಾನು ಮಾಡಿದೆ. ಇದು ಕಲಿಸಿದ್ದನ್ನು ಬೇರೆ ಯಾವುದೂ ಕಲಿಸಲಿಲ್ಲ: ಅಲುಗಾಡಬೇಕೆಂಬ ಒತ್ತಡ ಏರುತ್ತದೆ, ಇನ್ನು ತಡೆಯಲಾರೆ ಎನ್ನುವ ಮಟ್ಟ ಮುಟ್ಟುತ್ತದೆ, ಆಮೇಲೆ ನಾವೇನೂ ಮಾಡದಿದ್ದರೂ ಇಳಿಯುತ್ತದೆ. ಕೆರೆಯದೇ ಇದ್ದರೂ ಕೆರೆತ ಹೋಗುತ್ತದೆ ಎಂಬುದನ್ನು ಓದಿ ತಿಳಿದರೆ ಸಾಲದು, ಒಮ್ಮೆಯಾದರೂ ಮೈಗೆ ಗೊತ್ತಾಗಬೇಕು.

ಆದರೆ ಒಂದು ಹೋದ ಬೆನ್ನಿಗೇ ಇನ್ನೊಂದು ಬರುತ್ತದೆ. ಹೀಗೆ ಐದಾರು ಸಲ ಆಗುವಷ್ಟರಲ್ಲಿ ಗಮನವೆಲ್ಲ ಮೈಗೆ ಕಾವಲು ಕಾಯುವುದರಲ್ಲೇ ಮುಗಿದುಹೋಗುತ್ತದೆ. ಹಲ್ಲು ಕಚ್ಚಿಕೊಂಡಿರುತ್ತೇನೆ, ಹೊಟ್ಟೆ ಕಲ್ಲಾಗಿರುತ್ತದೆ. ನೋಡಿದವರಿಗೆ ವಿಗ್ರಹ, ಒಳಗೆ ಕುಸ್ತಿ. ಆಸನ ಸ್ಥಿರವೂ ಸುಖವೂ ಆಗಿರಬೇಕು ಎನ್ನುವ ಯೋಗಸೂತ್ರ ಎಲ್ಲರ ಬಾಯಲ್ಲೂ ಇದೆ; ಅದು ಎರಡನೇ ಪಾದದ 46ನೆಯದು. ಅದರ ಪಕ್ಕದಲ್ಲೇ ಇರುವ 47ನೆಯದನ್ನು ಅಷ್ಟಾಗಿ ಯಾರೂ ಎತ್ತುವುದಿಲ್ಲ. ಆ ಸ್ಥಿತಿ ಕೈಗೂಡುವುದು ಪ್ರಯತ್ನ ಸಡಿಲವಾದಾಗ, ಮನಸ್ಸು ಅನಂತದಲ್ಲಿ ನೆಲೆಸಿದಾಗ ಎನ್ನುತ್ತದೆ ಅದು. ನಾನು ಕೂತಾಗಲೆಲ್ಲ ಪ್ರಯತ್ನ ಬಿಗಿಯಾಗುತ್ತಲೇ ಹೋಗುತ್ತಿತ್ತು.

ಇನ್ನೊಂದು ತುದಿ ನಡಿಗೆ. ಹತ್ತು-ಹದಿನೈದು ಹೆಜ್ಜೆಯಷ್ಟು ನೇರವಾದ ಜಾಗ, ಆ ತುದಿಯಿಂದ ಈ ತುದಿಗೆ, ತಿರುಗಿ ಮತ್ತೆ ಆ ತುದಿಗೆ. ಗಮನ ಅಂಗಾಲಿನಲ್ಲಿ. ಬರ್ಮಾದ ಮಹಾಸಿ ಸಯಾಡೊ ಪರಂಪರೆಯಲ್ಲಿ ಕಾಲು ಎತ್ತಿದ್ದು, ಮುಂದೆ ಸರಿದದ್ದು, ಇಟ್ಟದ್ದು ಎಲ್ಲವನ್ನೂ ಮನಸ್ಸಿನಲ್ಲೇ ಗುರುತಿಸುತ್ತ ಹೋಗಬೇಕು. ಅಲ್ಲಿನ ಶಿಬಿರಗಳಲ್ಲಿ ಕೂರುವುದಕ್ಕೆ ಎಷ್ಟು ಹೊತ್ತೋ ನಡೆಯುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಕೊಡುತ್ತಾರೆ. ಜಪಾನಿನ ಝೆನ್‌ನವರಿಗೂ ಎರಡು ಕೂರುವಿಕೆಗಳ ನಡುವೆ ಕಿನ್‌ಹಿನ್ ಎಂಬ ನಡಿಗೆ ಇದೆ. ಕೂರಲಾಗದವರಿಗೆ ಕೊಟ್ಟ ರಿಯಾಯಿತಿ ಎಂದು ಇದನ್ನು ನೋಡುವವರಿದ್ದಾರೆ. ಆದರೆ ಬೌದ್ಧರ ಅಂಗುತ್ತರ ನಿಕಾಯ ಎಂಬ ಗ್ರಂಥದಲ್ಲಿ ಚಂಕ್ರಮಣದ, ಅಂದರೆ ಇದೇ ನಡಿಗೆಯ, ಐದು ಲಾಭಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಒಂದು, ನಡೆಯುವಾಗ ಪಡೆದ ಏಕಾಗ್ರತೆ ಬಹಳ ಕಾಲ ಉಳಿಯುತ್ತದೆ ಎಂಬುದು. ರಿಯಾಯಿತಿಯ ಬಗ್ಗೆ ಯಾರೂ ಹಾಗೆ ಹೇಳುವುದಿಲ್ಲ.

ನನ್ನ ಮಟ್ಟಿಗೆ ನಡಿಗೆಯೇ ಗೆದ್ದಿತು, ಅದೂ ಸಾಕಷ್ಟು ಅಂತರದಲ್ಲಿ. ಆದರೆ ಒಂದು ಷರತ್ತು ಇದೆ. ವಿಡಿಯೋಗಳಲ್ಲಿ ತೋರಿಸುವ ಹಾಗೆ ಮೊದಲ ಹೆಜ್ಜೆಯಿಂದಲೇ ಆಮೆಯ ನಡಿಗೆ ಹಿಡಿದರೆ ಚಡಪಡಿಕೆ ಇನ್ನೂ ಹೆಚ್ಚುತ್ತದೆ; ಒಂಟಿ ಕಾಲಲ್ಲಿ ತೂಗಾಡುತ್ತ ಸಿಟ್ಟು ಬರುತ್ತದೆ. ಮಾಮೂಲಿ ವೇಗದಲ್ಲೇ, ಬೇಕಿದ್ದರೆ ಅದಕ್ಕಿಂತ ಜೋರಾಗಿಯೇ ಶುರು ಮಾಡಿ ‘ಎಡ, ಬಲ’ ಎಂದಷ್ಟೇ ಗುರುತಿಸುತ್ತ ಹೋದರೆ ಸ್ವಲ್ಪ ಹೊತ್ತಿಗೆ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ. ಎತ್ತು-ಸರಿಸು-ಇಡು ಎಂಬ ಸೂಕ್ಷ್ಮವೆಲ್ಲ ಆಮೇಲೆ. ಇದರ ದೌರ್ಬಲ್ಯ ತಿರುಗುವ ಜಾಗದಲ್ಲಿದೆ. ಅಷ್ಟೂ ಹೆಜ್ಜೆ ನೆಟ್ಟಗೆ ಬಂದ ಮನಸ್ಸು ತಿರುವಿನಲ್ಲೇ ತಪ್ಪಿಸಿಕೊಂಡು ಓಡುತ್ತದೆ. ಅಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಂತು, ನಿಂತಿದ್ದೇನೆ ಎಂದು ಗಮನಿಸಿ, ಆಮೇಲೆ ತಿರುಗಿದರೆ ಎಷ್ಟೋ ವಾಸಿ. ಇನ್ನು ಕಣ್ಣು ತೆರೆದೇ ಇರಬೇಕಾದ್ದರಿಂದ ಕಂಡದ್ದೆಲ್ಲ ಎಳೆಯುತ್ತದೆ, ಅದಕ್ಕೆ ಪರಿಹಾರ ನನಗೆ ಸಿಕ್ಕಿಲ್ಲ.

ಬಿಗಿದು ಬಿಡುವುದೋ, ಬರೀ ಗಮನಿಸುವುದೋ

ಎರಡನೇ ಜೋಡಿ ಹೆಸರಿಗೆ ಒಂದೇ ಥರ ಕಂಡರೂ ಕೆಲಸದಲ್ಲಿ ತದ್ವಿರುದ್ಧ. ಬಾಡಿ ಸ್ಕ್ಯಾನ್ ಎಂದರೆ ಏನನ್ನೂ ಅಲುಗಾಡಿಸದೆ ಕಾಲ್ಬೆರಳಿಂದ ನೆತ್ತಿಯವರೆಗೆ ಗಮನವನ್ನು ಸಾಗಿಸುವುದು. ಜಾನ್ ಕಬಟ್-ಝಿನ್ 1979ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಎಂಟು ವಾರಗಳ ಮೈಂಡ್‌ಫುಲ್‌ನೆಸ್ ಕಾರ್ಯಕ್ರಮದಲ್ಲಿ ಇದನ್ನು ಮಲಗಿಕೊಂಡು ಮುಕ್ಕಾಲು ಗಂಟೆ ಮಾಡಿಸುತ್ತಾರೆ. ಇನ್ನೊಂದು, ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 20ನೇ ಶತಮಾನದ ಮೊದಲ ದಶಕಗಳಲ್ಲಿ ರೂಪಿಸಿದ ಸ್ನಾಯು ಸಡಿಲಿಕೆಯ ವಿಧಾನ. ಈಗ ಎಲ್ಲರೂ ಮಾಡುವ ಚಿಕ್ಕ ರೂಪದಲ್ಲಿ ಮುಷ್ಟಿಯನ್ನೋ ತೊಡೆಯನ್ನೋ ಹೆಗಲನ್ನೋ ಐದಾರು ಸೆಕೆಂಡು ಬಿಗಿಹಿಡಿದು, ಥಟ್ಟನೆ ಬಿಟ್ಟು, ಬಿಟ್ಟಾಗಿನ ವ್ಯತ್ಯಾಸವನ್ನು ಅದಕ್ಕಿಂತ ಹೆಚ್ಚು ಹೊತ್ತು ಗಮನಿಸುತ್ತಾರೆ.

ಚಡಪಡಿಸುವ ಮೈಗೆ ಬಾಡಿ ಸ್ಕ್ಯಾನ್ ಕೆಲವೊಮ್ಮೆ ತಿರುಗುಬಾಣವಾಗುತ್ತದೆ. ಮೀನಖಂಡದ ಕಡೆ ಗಮನ ಹೋದದ್ದೇ ತಡ, ಅಲ್ಲಿ ಇಲ್ಲದ ಜುಮುಜುಮು ಎದ್ದು ಕೂರುತ್ತದೆ. ಮೈ ನೋಡುವುದರಿಂದಲೇ ಗಾಬರಿ ಹೆಚ್ಚಾಗುವವರಂತೂ ಇದರಿಂದ ಶುರು ಮಾಡದಿರುವುದೇ ಒಳ್ಳೆಯದು. ಬಿಗಿದು ಬಿಡುವ ವಿಧಾನ ಹಾಗಲ್ಲ. ಏನಾದರೂ ಮಾಡಬೇಕು ಎಂದು ಹಟ ಹಿಡಿದ ಸ್ನಾಯುವಿಗೆ ಅದು ಕೆಲಸವನ್ನೇ ಕೊಡುತ್ತದೆ. ಹೆಗಲನ್ನು ಕಿವಿಯವರೆಗೆ ಎತ್ತಿ ಬಿಟ್ಟಾಗ, ಇಷ್ಟು ಹೊತ್ತು ಅದು ಎಷ್ಟು ಬಿಗಿದಿತ್ತು ಎಂಬುದು ಗೊತ್ತಾಗುತ್ತದೆ. ಕಾಲಿನ ಸರದಿ ಬಂದಾಗ ಒಂದು ಎಚ್ಚರಿಕೆ: ಬೆರಳುಗಳನ್ನು ಮುಂದಕ್ಕೆ ಚಾಚಿ ಬಿಗಿದರೆ ಮೀನಖಂಡ ಸೆಟೆದು ಹಿಡಿದುಕೊಳ್ಳಬಹುದು, ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದುಕೊಂಡು ಬಿಗಿಯುವುದು ಕ್ಷೇಮ.

ಆದರೂ ಇದನ್ನು ಧ್ಯಾನ ಎನ್ನಲು ನನಗೆ ಮನಸ್ಸಿಲ್ಲ. ಧ್ಯಾನದ ಬಾಗಿಲವರೆಗೆ ತಂದು ಬಿಡುತ್ತದೆ, ಅಷ್ಟೇ. ಇದಾದ ಮೇಲೆ ಬಾಡಿ ಸ್ಕ್ಯಾನ್ ಮಾಡಿದರೆ ಮಾತ್ರ ಅದು ಬೇರೆಯದೇ ಅನುಭವ. ಹಾಗಾಗಿ ಇಲ್ಲಿ ಗೆದ್ದವರು ಸೋತವರು ಅಂತಿಲ್ಲ, ಯಾವುದು ಮೊದಲು ಎಂಬ ಪ್ರಶ್ನೆ ಮಾತ್ರ.

ಮಲಗಿಕೊಂಡು, ಹೇಳಿಕೊಡುವವರ ದನಿ ಕೇಳುತ್ತ ಮಾಡುವ ಯೋಗನಿದ್ರೆಯನ್ನೂ ಇದೇ ಸಾಲಿಗೆ ಸೇರಿಸಬಹುದು. ಬಿಹಾರ ಯೋಗ ವಿದ್ಯಾಲಯದ ಸತ್ಯಾನಂದ ಸರಸ್ವತಿಯವರು ರೂಪಿಸಿದ ಕ್ರಮದಲ್ಲಿ ಗಮನ ಬಲಗೈ ಹೆಬ್ಬೆರಳಿಂದ ಹೊರಟು ಅಂಗದಿಂದ ಅಂಗಕ್ಕೆ ಚಕಚಕನೆ ಹಾರುತ್ತದೆ. ಆ ವೇಗ ನಮ್ಮಂಥವರಿಗೆ ಹೊಂದುತ್ತದೆ, ಚಡಪಡಿಸಲು ಪುರಸೊತ್ತೇ ಇರುವುದಿಲ್ಲ. ತೊಂದರೆ ಒಂದೇ. ಹೆಸರಿನ ಮೊದಲರ್ಧ ಮುಗಿದು ಎರಡನೆಯರ್ಧ ಬೇಗ ಶುರುವಾಗಿಬಿಡುತ್ತದೆ.

ಕೈಗೆ ಕೆಲಸ, ಮೈಗೆ ದಣಿವು

ಜಪಮಾಲೆಯನ್ನು ಭಕ್ತರ ಸಾಮಗ್ರಿ ಎಂದು ಬದಿಗಿಡುವುದು ಸುಲಭ. ನನಗೆ ಅಚ್ಚರಿ ತಂದದ್ದು ಇದೇ. ಉಸಿರು ಎಣಿಸುತ್ತ ಕೂತರೆ ಕುಣಿಯುವ ಮಂಡಿ, ಮಣಿ ಎಣಿಸುತ್ತ ಕೂತರೆ ಸುಮ್ಮನಿರುತ್ತದೆ, ಹಟ ಮಾಡುವ ಮಗುವಿನ ಕೈಗೆ ಆಟಿಕೆ ಕೊಟ್ಟ ಹಾಗೆ. ಬೆರಳಿನ ಸಣ್ಣ ಚಲನೆಯೊಂದು ಇಡೀ ಮೈಯ ಚಲಿಸುವ ಹಂಬಲವನ್ನು ತೀರಿಸುತ್ತದೆ. ಮಂತ್ರವೇ ಬೇಕೆಂದಿಲ್ಲ, ಒಂದು ಉಸಿರಿಗೆ ಒಂದು ಮಣಿ ಸರಿಸಿದರೂ ಆಗುತ್ತದೆ. ದೋಷವೆಂದರೆ, 108 ಮಣಿ ಇವೆ ಎಂದು ಗೊತ್ತಿರುವುದರಿಂದ ಮುಗಿಸುವ ಆತುರ ಹುಟ್ಟುತ್ತದೆ. ಕೊನೆಕೊನೆಗೆ ಮಣಿಗಳು ಓಡುತ್ತವೆ, ಉಸಿರು ಹಿಂದೆ ಬೀಳುತ್ತದೆ. ಎಷ್ಟಾಯಿತು ಎಂದು ನೋಡದೆ ಗಡಿಯಾರದ ಗಂಟೆ ಬಾರಿಸುವವರೆಗೆ ಸರಿಸುತ್ತಿದ್ದರೆ ಈ ಆತುರ ಕಡಿಮೆ.

ಇದಕ್ಕೆ ತೀರಾ ಎದುರು ನಿಲ್ಲುವುದು ಓಶೋ ಅವರ ಡೈನಾಮಿಕ್ ಧ್ಯಾನ. ಒಟ್ಟು ಒಂದು ಗಂಟೆ, ಐದು ಹಂತ: ಹತ್ತು ನಿಮಿಷ ಅಡ್ಡಾದಿಡ್ಡಿ ಉಸಿರಾಟ, ಹತ್ತು ನಿಮಿಷ ಮನಸ್ಸಿಗೆ ಬಂದಂತೆ ಕೂಗಾಟ-ಕುಣಿದಾಟ, ಹತ್ತು ನಿಮಿಷ ಕೈ ಮೇಲೆತ್ತಿ ‘ಹೂ’ ಎನ್ನುತ್ತ ಜಿಗಿತ, ಆಮೇಲೆ ಹದಿನೈದು ನಿಮಿಷ ಇದ್ದಲ್ಲೇ ಸ್ತಬ್ಧ, ಕೊನೆಗೆ ಹದಿನೈದು ನಿಮಿಷ ನೃತ್ಯ. ನಾಲ್ಕನೇ ಹಂತದ ನಿಶ್ಚಲತೆ ನಿಜಕ್ಕೂ ಬೇರೆ ದರ್ಜೆಯದು, ಒಪ್ಪುತ್ತೇನೆ. ಆದರೆ ಅಕ್ಕಪಕ್ಕದವರು ಇರುವ ಕಡೆ ಇದನ್ನು ನಿತ್ಯ ಮಾಡುವ ಮಾತೇ ಇಲ್ಲ. ಹೃದಯದ ತೊಂದರೆ, ಮಂಡಿನೋವು ಇರುವವರು ಹತ್ತಿರವೂ ಹೋಗಬಾರದು. ನಾಲ್ಕಾರು ಸೂರ್ಯನಮಸ್ಕಾರ ಹಾಕಿ, ಉಸಿರು ತಹಬಂದಿಗೆ ಬರುವವರೆಗೆ ನಿಂತಿದ್ದು, ಆಮೇಲೆ ಕೂತರೆ ಅದರ ಲಾಭದ ದೊಡ್ಡ ಪಾಲು ಸದ್ದಿಲ್ಲದೆ ಸಿಗುತ್ತದೆ ಎಂಬುದು ನನ್ನ ಅಂದಾಜು.

ನೆಲವೋ, ಕುರ್ಚಿಯೋ

ಇದನ್ನು ಬಗೆಹರಿಸಿಕೊಳ್ಳದೆ ಮೇಲಿನ ಯಾವ ಹೋಲಿಕೆಯೂ ನ್ಯಾಯವಾಗುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಇದ್ದರೆ ಬೆನ್ನು ಗೂನಾಗುತ್ತದೆ, ಅದನ್ನು ನೆಟ್ಟಗೆ ಹಿಡಿಯಲು ಸ್ನಾಯುಗಳು ಒದ್ದಾಡುತ್ತವೆ. ಆ ಒದ್ದಾಟವನ್ನು ಮನಸ್ಸಿನ ಚಂಚಲತೆ ಎಂದು ಕರೆಯುವುದು ಅನ್ಯಾಯ. ಪೃಷ್ಠದ ಕೆಳಗೆ ದಪ್ಪ ದಿಂಬು ಹಾಕಿ ಸೊಂಟ ಎತ್ತರವಾದರೆ ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತದೆ. ಕಾಲು ಜೋಮು ಹಿಡಿಯುವುದು ಹೆಚ್ಚಾಗಿ ನರ ಒತ್ತಿಹೋಗುವುದರಿಂದ. ಎದ್ದ ಮೇಲೆ ಬೇಗ ಸರಿಹೋದರೆ ಹೆದರಬೇಕಿಲ್ಲ. ಮಂಡಿಯೊಳಗೆ ಚುಚ್ಚುವ ನೋವು ಬಂದರೆ ಮಾತ್ರ ಅದನ್ನು ಗಮನಿಸುತ್ತ ಕೂರಬೇಡಿ, ಕಾಲು ಬಿಡಿಸಿ. ನನಗೆ ಕುರ್ಚಿಯೇ ವಾಸಿ: ಬೆನ್ನು ಒರಗಿಸದೆ, ಪಾದ ಪೂರ್ತಿ ನೆಲಕ್ಕೆ ಊರಿ.

ಈ ಯಾವ ವಿಧಾನಕ್ಕೂ ಬಗ್ಗದ ಚಡಪಡಿಕೆ ಎರಡಿವೆ. ಸಂಜೆ, ರಾತ್ರಿ ಕೂತಾಗ ಮಲಗಿದಾಗ ಮಾತ್ರ ಕಾಲೊಳಗೆ ಏನೋ ಹರಿದಾಡಿದಂತಾಗಿ, ಓಡಾಡಿದರೆ ಕಡಿಮೆಯಾಗುವುದಿದ್ದರೆ ಅದು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಇರಬಹುದು. ಕಬ್ಬಿಣದ ಕೊರತೆಗೂ ಅದಕ್ಕೂ ನಂಟಿದೆ, ರಕ್ತಪರೀಕ್ಷೆಯಲ್ಲಿ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಅಳತೆ) ನೋಡಿಸಿಕೊಳ್ಳಬೇಕು. ಮನೋರೋಗದ ಕೆಲವು ಔಷಧಿಗಳು, ವಾಂತಿ ನಿಲ್ಲಿಸುವ ಕೆಲವು ಮಾತ್ರೆಗಳು ಅಕಥೀಸಿಯಾ ಎಂಬ ತಡೆಯಲಾಗದ ಒಳಚಡಪಡಿಕೆ ತರುತ್ತವೆ. ಹೊಸ ಮಾತ್ರೆ ಶುರುವಾದ ಮೇಲೆಯೇ ಕೂರಲಾಗದೆ ಹೋಗಿದ್ದರೆ ಬರೆದುಕೊಟ್ಟ ವೈದ್ಯರಿಗೆ ತಕ್ಷಣ ಹೇಳಿ, ನೀವಾಗಿ ನಿಲ್ಲಿಸಬೇಡಿ.

ಸದ್ಯ ನನ್ನ ಕ್ರಮ ಹೀಗಿದೆ. ಹೆಜ್ಜೆ ತಾನಾಗಿ ನಿಧಾನವಾಗುವವರೆಗೆ ನಡಿಗೆ, ಆಮೇಲೆ ಕುರ್ಚಿ. ನಡಿಗೆಗೆ ಜಾಗವಿಲ್ಲದ ಕಡೆ ಬಿಗಿದು ಬಿಡುವ ವಿಧಾನ. ಪ್ರಯಾಣದಲ್ಲಿ ಮಣಿ. ಅಧಿಷ್ಠಾನದಿಂದ ಉಳಿಸಿಕೊಂಡದ್ದು ಒಂದು ಸಣ್ಣ ನಿಯಮ: ಅಲುಗಾಡಬೇಕು ಅನ್ನಿಸಿದಾಗ ಮೂರು ಉಸಿರು ಕಾಯುತ್ತೇನೆ, ಆಗಲೂ ಬೇಕೆನ್ನಿಸಿದರೆ ನಿಧಾನವಾಗಿ, ಗಮನವಿಟ್ಟು ಅಲುಗಾಡುತ್ತೇನೆ. ಬಹಳ ಸಲ ಮೂರನೇ ಉಸಿರಿನ ಹೊತ್ತಿಗೆ ಬೇಕಾಗಿರುವುದಿಲ್ಲ. ಬೇಕಾದ ದಿನ ಅಲುಗಾಡಿ, ಮತ್ತೆ ಉಸಿರಿಗೆ ಬರುತ್ತೇನೆ. ನೆಲದ ಮೇಲೆ ಕೂರುವ ಯೋಚನೆ ಸದ್ಯಕ್ಕಿಲ್ಲ.