ಫ್ಯಾಕಮ್ ಹಾಲಾ, ಸ್ಟಿಫ್ ಅಪ್ಪರ್ ಲಿಪ್ಸಾ?
ಬಂಗಲೆ, ಉದ್ದ ಗೌನು, ಬೆಳ್ಳಿ ತಟ್ಟೆ ಹಿಡಿದ ಬಟ್ಲರ್ ಇರುವ ಬ್ರಿಟಿಷ್ ಚಿತ್ರಗಳನ್ನು ಗೇಲಿ ಮಾಡುವ ಸಿನಿಮಾ ಬೇಕು, ಇರೋದು ಒಂದೇ ಸಂಜೆ ಅಂದ್ರೆ ಯಾವುದು ನೋಡೋದು?

'ಫ್ಯಾಕಮ್ ಹಾಲ್' (2025) ಹೊಸದು. 'ಡೌನ್‌ಟನ್ ಆ್ಯಬಿ' ಎಂಬ ಬ್ರಿಟಿಷ್ ಶ್ರೀಮಂತ ಮನೆತನದ ಟಿವಿ ಸರಣಿ ಸ್ವಲ್ಪ ನೋಡಿದ್ದರೂ ಸಾಕು, ಜೋಕು ಅರ್ಥವಾಗುತ್ತವೆ. ಆಸ್ತಿ ಕೈತಪ್ಪಬಾರದೆಂದು ಮಗಳನ್ನು ಸೋದರಸಂಬಂಧಿಗೇ ಕಟ್ಟುವ ಆತುರ, ನಡುವೆ ಒಂದು ಕೊಲೆ. ನಿರ್ದೇಶಕ ಜಿಮ್ ಓ'ಹ್ಯಾನ್ಲನ್ 2009ರಲ್ಲಿ ಬಿಬಿಸಿಗೆ ಜೇನ್ ಆಸ್ಟೆನ್ ಕಾದಂಬರಿಯ 'ಎಮ್ಮಾ' ಎಂಬ ಹಳೇ ಕಾಲದ ಕಥೆಯ ಸರಣಿ ಮಾಡಿದವರು, ಹಾಗಾಗಿ ಸೆಟ್ಟು, ಬಟ್ಟೆ ಎಲ್ಲ ಅಸಲಿ ಥರವೇ ಇದೆ. ಪೋಲಿ ಜೋಕು ಜಾಸ್ತಿ, ಮಕ್ಕಳ ಜೊತೆ ಬೇಡ.

'ಸ್ಟಿಫ್ ಅಪ್ಪರ್ ಲಿಪ್ಸ್' 1990ರ ದಶಕದ ಕೊನೆಯದು. ಇದರ ಗುರಿ ಮರ್ಚೆಂಟ್-ಐವರಿ ಚಿತ್ರಗಳು, ಅಂದ್ರೆ ನಿರ್ಮಾಪಕ ಇಸ್ಮಾಯಿಲ್ ಮರ್ಚೆಂಟ್, ನಿರ್ದೇಶಕ ಜೇಮ್ಸ್ ಐವರಿ ಜೋಡಿ ಮಾಡಿದ ಹಳೇ ಕಾಲದ ಬ್ರಿಟಿಷ್ ಕಥೆಗಳು. ನನಗೆ ಇದೇ ಜಾಸ್ತಿ ಇಷ್ಟ. ಯಾಕೆ ಅಂದ್ರೆ, ಆ ಜೋಡಿಯದೇ 'ಹೋವರ್ಡ್ಸ್ ಎಂಡ್'ನಲ್ಲಿ (1992) ಗಂಭೀರವಾಗಿ ನಟಿಸಿದ್ದ ಪ್ರುನೆಲಾ ಸ್ಕೇಲ್ಸ್ ಮತ್ತು ಸ್ಯಾಮ್ಯುಯೆಲ್ ವೆಸ್ಟ್ (ನಿಜಕ್ಕೂ ತಾಯಿ-ಮಗ ಇವರು!) ಅದೇ ಗಾಂಭೀರ್ಯ ಒಂಚೂರೂ ಬಿಡದೆ ಇಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಾರೆ. ಕಥೆ ಇಟಲಿ ಸುತ್ತಿ ಭಾರತಕ್ಕೂ ಬರುತ್ತದೆ.

ಆದರೆ ಮೂಲ ಚಿತ್ರಗಳು ಗೊತ್ತಿಲ್ಲದಿದ್ದರೆ ಅರ್ಧ ಮಜಾ ಹೋಯ್ತು. ಹಾಗಿದ್ದರೆ ಸುಮ್ನೆ 'ಫ್ಯಾಕಮ್ ಹಾಲ್' ಹಾಕಿ. ಇನ್ನೊಂದನ್ನು ಮರ್ಚೆಂಟ್-ಐವರಿಯ 'ಎ ರೂಮ್ ವಿತ್ ಎ ವ್ಯೂ' ನೋಡಿದ ಮೇಲೆ ನೋಡಿ.