ಪೋಸ್ಟ್‌ಗ್ರೆಸ್‌ಕ್ಯೂಎಲ್ ವಿಮರ್ಶೆ: ಅನುಮತಿಯ ವಿಷಯದಲ್ಲಿ ಅದರ ಕಟ್ಟುನಿಟ್ಟು

ಡೇಟಾಬೇಸ್ ಸರ್ವರ್‌ಗಳ ವಿಮರ್ಶೆಗಳು ಹೆಚ್ಚಾಗಿ ವೇಗ ಮತ್ತು ಸೌಲಭ್ಯಗಳನ್ನೇ ಅಳೆಯುತ್ತವೆ. ಆದರೆ ಲಿನಕ್ಸ್‌ಗೆ ಹೊಸಬರಾದವರು ಕೈಚೆಲ್ಲುವುದು ಅದಕ್ಕೂ ಮೊದಲೇ, ಇನ್‌ಸ್ಟಾಲ್ ಮಾಡುವಾಗ ಎದುರಾಗುವ ‘ಪರ್ಮಿಷನ್ ಡಿನೈಡ್’ ಎಂಬ ಸಾಲಿನ ಮುಂದೆ. ಆದ್ದರಿಂದ ಪೋಸ್ಟ್‌ಗ್ರೆಸ್‌ಕ್ಯೂಎಲ್ (ಚಿಕ್ಕದಾಗಿ ಪೋಸ್ಟ್‌ಗ್ರೆಸ್) ಎಂಬ ಡೇಟಾಬೇಸ್ ಸರ್ವರ್ ಅನ್ನು ಇಲ್ಲಿ ಆ ಒಂದು ದೃಷ್ಟಿಯಿಂದಲೇ ಪರಿಶೀಲಿಸಿದ್ದೇನೆ.

ಈ ಸರ್ವರ್ ಎಲ್ಲ ಅಧಿಕಾರವುಳ್ಳ ರೂಟ್ ಬಳಕೆದಾರನ ಹೆಸರಿನಲ್ಲಿ ಓಡಲು ಒಪ್ಪುವುದೇ ಇಲ್ಲ. ಡೇಟಾ ಡೈರೆಕ್ಟರಿಯು ಸರ್ವರ್ ಅನ್ನು ಓಡಿಸುವ ಬಳಕೆದಾರನ ಒಡೆತನದಲ್ಲೇ ಇರಬೇಕು, ಅದರ ಅನುಮತಿ 0700 (ಒಡೆಯನಿಗೆ ಮಾತ್ರ ಪ್ರವೇಶ) ಆಗಿರಬೇಕು. 2018ರಲ್ಲಿ ಬಂದ 11ನೆಯ ಆವೃತ್ತಿಯಿಂದ ಈಚೆಗೆ 0750 (ಗುಂಪಿಗೂ ಓದುವ ಅವಕಾಶ) ಕೂಡ ಸಲ್ಲುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ಸರ್ವರ್ ಆರಂಭವಾಗದು; ಆದರೆ ಒಡೆತನ ತಪ್ಪಿದೆಯೋ ಅನುಮತಿ ತಪ್ಪಿದೆಯೋ ಎಂಬುದನ್ನೂ, ಸರಿಯಾದ ಅಂಕಿ ಯಾವುದೆಂಬುದನ್ನೂ ಲಾಗ್‌ನಲ್ಲಿ ಸ್ಪಷ್ಟವಾಗಿ ಬರೆದಿಡುತ್ತದೆ. ಯಾವ ತೊಡಕು ಬಂದರೂ ‘ಚ್‌ಮಾಡ್ 777’ ಹೊಡೆದು, ಅಂದರೆ ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟು, ಮುಂದೆ ಹೋಗುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಪೋಸ್ಟ್‌ಗ್ರೆಸ್‌ನ ಡೇಟಾ ಡೈರೆಕ್ಟರಿಯ ಮೇಲೆ ಅದನ್ನು ಪ್ರಯೋಗಿಸಿದರೆ ಓಡುತ್ತಿದ್ದ ಸರ್ವರ್ ಕೂಡ ಮುಂದಿನ ಸಲ ಮೇಲೇಳುವುದಿಲ್ಲ. ಇಡೀ ವ್ಯವಸ್ಥೆಯಲ್ಲಿ ನಾನು ಅತ್ಯಂತ ಮೆಚ್ಚಿದ ಗುಣ ಇದು, ಏಕೆಂದರೆ ಇತರರ ಮಾಹಿತಿಯನ್ನು ಕಾಯಬೇಕಾದ ತಂತ್ರಾಂಶವು ಬಾಗಿಲು ತೆರೆದಿಟ್ಟುಕೊಂಡು ಕೆಲಸಕ್ಕೆ ಕೂರಬಾರದು.

ಡೆಬಿಯನ್ ಮತ್ತು ಉಬುಂಟು ಎಂಬ ಲಿನಕ್ಸ್ ಬಗೆಗಳಲ್ಲಿ ಪ್ಯಾಕೇಜ್ ತಾನಾಗಿಯೇ ಪೋಸ್ಟ್‌ಗ್ರೆಸ್ ಎಂಬ ಬಳಕೆದಾರನನ್ನು ಸೃಷ್ಟಿಸಿ, ‘ಮೇನ್’ ಎಂಬ ಕ್ಲಸ್ಟರ್ ಅನ್ನು (ಒಂದು ಸರ್ವರ್ ನೋಡಿಕೊಳ್ಳುವ ಡೇಟಾಬೇಸ್‌ಗಳ ಸಮೂಹ) ಸಿದ್ಧಪಡಿಸಿ, ಸರ್ವರ್ ಅನ್ನು ಆರಂಭಿಸಿಯೂ ಬಿಡುತ್ತದೆ. ರೆಡ್ ಹ್ಯಾಟ್ ಬಳಗದ ಲಿನಕ್ಸ್‌ಗಳಲ್ಲಿ ಡೇಟಾ ಡೈರೆಕ್ಟರಿಯನ್ನು ಸಿದ್ಧಪಡಿಸುವ ಆದೇಶವನ್ನು ನಾವೇ ಕೊಡಬೇಕು. ಎರಡೂ ಕಡೆ ಹೊಸಬರನ್ನು ಬೆದರಿಸುವ ಒಂದು ಸಾಲಿದೆ: ರೂಟ್‌ನ ಮನೆ ಡೈರೆಕ್ಟರಿಯಲ್ಲಿ ನಿಂತು, ಬೇರೆ ಬಳಕೆದಾರನ ಹೆಸರಿನಲ್ಲಿ ಆದೇಶ ಓಡಿಸುವ ಸುಡೊ ಮೂಲಕ ಪೋಸ್ಟ್‌ಗ್ರೆಸ್ ಬಳಕೆದಾರನಾಗಿ ಪಿಎಸ್‌ಕ್ಯೂಎಲ್ (ಸರ್ವರ್‌ಗೆ ಆದೇಶ ಕೊಡುವ ಸಾಧನ) ತೆರೆದರೆ, ಡೈರೆಕ್ಟರಿ ಬದಲಿಸಲು ಅನುಮತಿ ಇಲ್ಲವೆಂಬ ದೂರು ಕಾಣಿಸುತ್ತದೆ. ಅದು ಎಚ್ಚರಿಕೆ ಮಾತ್ರ, ಕೆಲಸ ಮುಂದುವರಿಯುತ್ತದೆ.

ನಿಜವಾದ ಪರೀಕ್ಷೆ ಎದುರಾಗುವುದು ಡೇಟಾವನ್ನು ಹೊಸ ಡಿಸ್ಕ್‌ಗೆ ಸಾಗಿಸಿದಾಗ. ರೂಟ್ ಆಗಿ ‘ಸಿಪಿ -ಆರ್’ ಬಳಸಿ ನಕಲಿಸಿದರೆ ಕಡತಗಳ ಒಡೆತನ ರೂಟ್‌ಗೆ ಹೋಗಿಬಿಡುತ್ತದೆ; ಸರ್ವರ್ ಅನ್ನು ನಿಲ್ಲಿಸಿ, ‘ಆರ್‌ಸಿಂಕ್ -ಎ’ ಬಳಸಿದರೆ ಒಡೆತನವೂ ಅನುಮತಿಯೂ ಹಾಗೆಯೇ ಉಳಿಯುತ್ತವೆ. ಮೌಂಟ್ ಬಿಂದುವನ್ನೇ, ಅಂದರೆ ಹೊಸ ಡಿಸ್ಕ್ ಅನ್ನು ಜೋಡಿಸಿದ ಡೈರೆಕ್ಟರಿಯನ್ನೇ, ಡೇಟಾ ಡೈರೆಕ್ಟರಿಯಾಗಿಸಬಾರದು: ಅಲ್ಲಿ ಇರಬಹುದಾದ ‘ಲಾಸ್ಟ್+ಫೌಂಡ್’ ಡೈರೆಕ್ಟರಿಯನ್ನು ಕಂಡರೆ, ಡೇಟಾ ಡೈರೆಕ್ಟರಿಯನ್ನು ಸಿದ್ಧಪಡಿಸುವ ಇನಿಟ್‌ಡಿಬಿ ಆದೇಶ ಹಿಂದೆ ಸರಿಯುತ್ತದೆ, ಹಾಗಾಗಿ ಒಳಗೊಂದು ಉಪಡೈರೆಕ್ಟರಿ ಮಾಡಿಕೊಳ್ಳಬೇಕು. ಇಷ್ಟೆಲ್ಲ ಸರಿಯಾಗಿದ್ದರೂ ಮೇಲಿನ ಯಾವುದೋ ಒಂದು ಡೈರೆಕ್ಟರಿಯಲ್ಲಿ ಪ್ರವೇಶದ ಅನುಮತಿ, ಅಂದರೆ ‘ಎಕ್ಸ್’ ಬಿಟ್, ಇಲ್ಲದಿದ್ದರೆ ಪೋಸ್ಟ್‌ಗ್ರೆಸ್ ಬಳಕೆದಾರನು ತನ್ನದೇ ಡೈರೆಕ್ಟರಿಯನ್ನು ತಲುಪಲಾರ. ‘ನೇಮ್‌ಐ -ಎಲ್’ ಆದೇಶಕ್ಕೆ ಪೂರ್ತಿ ಹಾದಿಯನ್ನು ಕೊಟ್ಟರೆ ಪ್ರತಿಯೊಂದು ಮಜಲಿನ ಒಡೆಯನನ್ನೂ ಅನುಮತಿಯನ್ನೂ ಅದು ಸಾಲಾಗಿ ತೋರಿಸುತ್ತದೆ. ಇಷ್ಟು ಉಪಯುಕ್ತವಾದ ಆದೇಶ ಇಷ್ಟು ಕಡಿಮೆ ಜನರಿಗೆ ಪರಿಚಯವಿರುವುದು ಬೇಸರದ ಸಂಗತಿ.

ಇದರಾಚೆಗೆ, ಕಡತಗಳ ಗುರುತುಪಟ್ಟಿ ನೋಡಿ ಪ್ರವೇಶವನ್ನು ನಿರ್ಧರಿಸುವ ಭದ್ರತಾ ಪದರವಾದ ಎಸ್‌ಇಲಿನಕ್ಸ್ ಇದೆ. ರೆಡ್ ಹ್ಯಾಟ್ ಬಳಗದಲ್ಲಿ ಹೊಸ ಜಾಗದ ಕಡತಗಳಿಗೆ ಡೇಟಾಬೇಸ್‌ಗೆ ಸಲ್ಲುವ ಗುರುತುಪಟ್ಟಿ ಇಲ್ಲದಿದ್ದರೆ, ಒಡೆತನ ಮತ್ತು 0700 ಎರಡೂ ಸರಿಯಿದ್ದರೂ ಲಿನಕ್ಸ್‌ನ ತಿರುಳಾದ ಕರ್ನಲ್ ಪ್ರವೇಶವನ್ನು ತಡೆಯುತ್ತದೆ. ‘ಎಲ್‌ಎಸ್ -ಝಡ್’ ಆ ಗುರುತುಪಟ್ಟಿಯನ್ನು ತೋರಿಸುತ್ತದೆ, ಆಡಿಟ್ ಲಾಗ್‌ನ ‘ಎವಿಸಿ’ ಸಾಲು ತಡೆದದ್ದು ಯಾರೆಂದು ಹೇಳುತ್ತದೆ. ಪರಿಹಾರವೆಂದರೆ ‘ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್’ ಮೂಲಕ ಹೊಸ ಹಾದಿಗೆ ‘ಪೋಸ್ಟ್‌ಗ್ರೆಸ್‌ಕ್ಯೂಎಲ್_ಡಿಬಿ_ಟಿ’ ವರ್ಗವನ್ನು ನಮೂದಿಸಿ, ಬಳಿಕ ‘ರಿಸ್ಟೋರ್‌ಕಾನ್’ ಓಡಿಸುವುದು. ಎಸ್‌ಇಲಿನಕ್ಸ್ ಅನ್ನೇ ಶಾಶ್ವತವಾಗಿ ಆರಿಸಿಬಿಡುವಂತೆ ಸಲಹೆ ಕೊಡುವವರ ಮಾತನ್ನು ದಯವಿಟ್ಟು ಕೇಳಬೇಡಿ.

ಪೋಸ್ಟ್‌ಗ್ರೆಸ್ ಕುರಿತು ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿಯೇ. ತನ್ನದೇ ನಿಯಮ ಮುರಿದಾಗ ವಿವರವಾಗಿ ಮಾತನಾಡುವ ಸರ್ವರ್, ಹೊರಗಿನ ಪದರವೊಂದು ತಡೆದಾಗ ಕರ್ನಲ್ ಹೇಳಿದ ‘ಪರ್ಮಿಷನ್ ಡಿನೈಡ್’ ಎಂಬ ಎರಡು ಪದಗಳನ್ನಷ್ಟೇ ದಾಟಿಸುತ್ತದೆ. ತಡೆದವರು ಯಾರೆಂದು ಕರ್ನಲ್ ಅದಕ್ಕೂ ತಿಳಿಸುವುದಿಲ್ಲ ಎಂಬುದು ನಿಜ. ಆದರೆ ಕಡತದಿಂದ ಟೇಬಲ್‌ಗೆ ಮಾಹಿತಿ ತುಂಬುವ ‘ಕಾಪಿ’ ಆದೇಶದಲ್ಲಿ ಕಡತವನ್ನು ಓದಲಾಗದೆ ಹೋದಾಗ, ಓದುವುದು ಸರ್ವರ್ ಪ್ರಕ್ರಿಯೆಯೇ ಹೊರತು ನೀವಲ್ಲ, ನಿಮ್ಮ ಹೆಸರಿನಲ್ಲೇ ಕಡತ ಓದುವ ಪಿಎಸ್‌ಕ್ಯೂಎಲ್‌ನ ‘\ಕಾಪಿ’ ಬಳಸಬಹುದು ಎಂಬ ಸುಳಿವನ್ನು ಇದೇ ಸರ್ವರ್ ಕೊಡುತ್ತದೆ. ಮೇಲಿನ ಡೈರೆಕ್ಟರಿಗಳನ್ನೂ ಎಸ್‌ಇಲಿನಕ್ಸ್ ಅನ್ನೂ ಪರೀಕ್ಷಿಸಿ ಎಂಬ ಅಂಥದೇ ಸುಳಿವು ಆರಂಭದ ಹಂತದಲ್ಲೂ ಇರಬೇಕಿತ್ತು. ಈ ತೊಡಕು ಇದೊಂದರದೇ ಅಲ್ಲ: ಉಬುಂಟುವಿನಲ್ಲಿ ಮೈಎಸ್‌ಕ್ಯೂಎಲ್ ಡೇಟಾವನ್ನು ಬೇರೆಡೆ ಇಟ್ಟರೆ ಎಸ್‌ಇಲಿನಕ್ಸ್‌ನಂಥದೇ ಪದರವಾದ ಆಪ್‌ಆರ್ಮರ್ ತಡೆದು ದೋಷಸಂಖ್ಯೆ 13 (ಅನುಮತಿ ಇಲ್ಲ) ಕಾಣಿಸುತ್ತದೆ, ಮರಿಯಾಡಿಬಿಯನ್ನು ಹೋಮ್ ಡೈರೆಕ್ಟರಿಯೊಳಗೆ ಇಟ್ಟರೆ ಸರ್ವರ್‌ಗಳನ್ನು ಆರಂಭಿಸುವ ಸಿಸ್ಟಮ್‌ಡಿಯ ರಕ್ಷಣಾ ನಿಯಮ ಅಡ್ಡ ಬರುತ್ತದೆ.

ಸಣ್ಣ ಸರ್ವರ್ ಒಂದನ್ನು ಸ್ವತಃ ನೋಡಿಕೊಳ್ಳುವ ಶಾಲೆ, ಗ್ರಂಥಾಲಯ ಅಥವಾ ಅಂಗಡಿಯವರಿಗೆ ನಾನು ಪೋಸ್ಟ್‌ಗ್ರೆಸ್ ಅನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಆದರೆ ಹಳೆಯ ಕೈಪಿಡಿಗಳನ್ನು ಅನುಸರಿಸುವವರು ಒಂದು ಬದಲಾವಣೆಯನ್ನು ಗಮನಿಸಬೇಕು. 2022ರ 15ನೆಯ ಆವೃತ್ತಿಯಿಂದ ‘ಪಬ್ಲಿಕ್’ ಸ್ಕೀಮಾದಲ್ಲಿ (ಡೇಟಾಬೇಸ್‌ನೊಳಗೆ ಟೇಬಲ್‌ಗಳನ್ನು ಇಡುವ ವಿಭಾಗ) ಎಲ್ಲರೂ ಟೇಬಲ್ ರಚಿಸುವ ಹಕ್ಕನ್ನು ಹಿಂತೆಗೆದುಕೊಳ್ಳಲಾಗಿದೆ. ಆಗಲೂ ಕಾಣಿಸುವುದು ‘ಪರ್ಮಿಷನ್ ಡಿನೈಡ್’ ಎಂದೇ ಆದರೂ ಕಡತಗಳಿಗೂ ಅದಕ್ಕೂ ಸಂಬಂಧವಿಲ್ಲ. ಹೊಸ ಡೇಟಾಬೇಸ್ ರಚಿಸುವಾಗಲೇ ಅದರ ಒಡೆತನವನ್ನು ನಿಮ್ಮ ಅಪ್ಲಿಕೇಶನ್ನಿನ ಬಳಕೆದಾರನಿಗೆ ಕೊಟ್ಟರೆ ಟೇಬಲ್ ರಚಿಸಲು ಬೇರೆ ಅನುಮತಿ ಬೇಕಾಗುವುದಿಲ್ಲ.